ಏಳನೆಯ ಬೋಕಿಯ ಬಿಳಿ ಗೆರೆ

ನನ್ನ ಕೆಲಸ ಏನೆಂದು ಯಳಂದೂರಿನ ನಮ್ಮ ಕಡೆಯವರಿಗೆ ಬಿಡಿಸಿ ಹೇಳುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮದುವೆ ಮನೆಯಲ್ಲಿ ಸಿಕ್ಕಿದ ಚಿಕ್ಕಮ್ಮ, "ಇನ್ನೂ ಆ ಬೋಕಿ ಆಯೋ ಕೆಲ್ಸನೇನಾ ನಿಂದು?" ಎಂದು ಕೇಳಿದರೆ, "ಹೂಂ, ಅದೇ" ಎಂದು ಎಲೆಯ ಮುಂದೆ ಕೂತುಬಿಡುತ್ತೇನೆ. ಅವರು ಹೇಳುವುದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ನೆಲ ಅಗೆದಾಗ ಸಿಗುವ ಹಳೆಯ ಮಡಕೆಯ ಚೂರುಗಳಿಂದಲೇ ನನ್ನ ಅನ್ನ ಹುಟ್ಟುವುದು. ಆಯುವವರು ಬೇರೆ ಇರುತ್ತಾರೆ. ಆಯ್ದು ತಂದ ಬೋಕಿಯ ಮೇಲೆ ಬಣ್ಣವೇನಾದರೂ ಉಳಿದಿದೆಯೇ ಎಂದು ನೋಡುವುದು, ಉಳಿದಿದ್ದರೆ ಉದುರದ ಹಾಗೆ ಕಾಪಾಡುವುದು, ಕಂಡದ್ದನ್ನು ಕಂಡ ಹಾಗೆ ಬರೆದಿಡುವುದು ನನ್ನ ಪಾಲಿನದು. ಕೆಂಪು ಎಂದು ಬರೆದರೆ ಸಾಲದು, ಬಣ್ಣದ ಪಟ್ಟಿಯ ಪಕ್ಕ ಹಿಡಿದು ಯಾವ ಕೆಂಪು ಎಂದು ಬರೆಯಬೇಕು. ಗೆರೆ ಇದೆ ಎಂದರೆ ಸಾಲದು, ಎಷ್ಟು ದಪ್ಪ, ಎಲ್ಲಿ ಶುರುವಾಗಿದೆ, ಬರೆದವರು ಎಲ್ಲಿ ಕೈ ಎತ್ತಿದ್ದಾರೆ, ಎಲ್ಲಿ ತಡವರಿಸಿದ್ದಾರೆ, ಎಲ್ಲವೂ ಬರಬೇಕು. ಇದಕ್ಕೆ ಬಹಳ ತಾಳ್ಮೆ ಬೇಕು ಎಂದು ಕೇಳಿದವರೆಲ್ಲ ಹೇಳುತ್ತಾರೆ. ಬೋಕಿಗಳ ವಿಷಯದಲ್ಲಿ ನನಗೆ ತಾಳ್ಮೆ ಇದೆ. ಮನುಷ್ಯರ ವಿಷಯದಲ್ಲಿ ಮಾತ್ರ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಹನೂರಿನಿಂದ ಲೊಕ್ಕನಹಳ್ಳಿಗೆ ಹೋಗುವ ದಾರಿಯ ಒಳಗಡೆ ಒಂದು ದಿಣ್ಣೆಯನ್ನು ಅಗೆಯುತ್ತಿದ್ದರು. ಸುತ್ತಲಿನವರು ಅದನ್ನು ಹಾಳೂರ ದಿಣ್ಣೆ ಎನ್ನುತ್ತಿದ್ದರು. ಯಾವ ಊರು, ಯಾವಾಗ ಹಾಳಾಯಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಉಳುವಾಗ ನೇಗಿಲಿಗೆ ಬೋಕಿ ಸಿಕ್ಕುತ್ತಿದ್ದವು, ಬದುವಿಗೆ ಎಸೆಯುತ್ತಿದ್ದರು, ಅಷ್ಟೆ. ನಾನು ಕೊಳ್ಳೇಗಾಲದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಬೆಳಿಗ್ಗೆ ಬೆಟ್ಟಕ್ಕೆ ಹೋಗುವ ಭಕ್ತರು ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಹನೂರಿಗೆ ಬರುತ್ತಿದ್ದೆ. ಅಲ್ಲಿ ಖಾಲಿ ಬಿದ್ದಿದ್ದ ಒಂದು ಹಳೆಯ ಗೋದಾಮನ್ನು ನಮಗೆ ಬಿಟ್ಟುಕೊಟ್ಟಿದ್ದರು. ದಿಣ್ಣೆಯಿಂದ ಬುಟ್ಟಿಗಳಲ್ಲಿ ಬಂದ ಬೋಕಿಯನ್ನು ಗೋದಾಮಿನ ಹಿಂದೆ, ಹುಣಸೆ ಮರದಡಿ ತೊಳೆದು, ನೆರಳಲ್ಲಿ ತಟ್ಟೆಗಳ ಮೇಲೆ ಒಣಗಿಸಿ ಒಳಗೆ ತಂದರೆ, ಅಲ್ಲಿಂದ ಮುಂದೆ ನನ್ನ ಕೆಲಸ ಶುರು.

ಆ ದಿಣ್ಣೆಯ ಮಡಕೆಗಳದು ಒಂದು ವಿಶೇಷವಿತ್ತು. ಮೈಗೆಲ್ಲ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಮಣ್ಣಿನಲ್ಲಿ ಗೆರೆ ಎಳೆದಿದ್ದರು. ನೇರ ಗೆರೆ, ಓರೆ ಗೆರೆ, ಒಂದರ ಮೇಲೊಂದು ಬಲೆಯ ಹಾಗೆ ಹಾದ ಗೆರೆ. ಸುಮಾರು ಎರಡು ಸಾವಿರ ವರ್ಷ ಹಳೆಯವು ಎಂದು ತಿಳಿದವರು ಅಂದಾಜು ಹೇಳುತ್ತಿದ್ದರು. ಇಂಥ ಮಡಕೆ ಬೇರೆ ಕಡೆಯೂ ಸಿಕ್ಕಿವೆ, ಆದರೆ ಇಲ್ಲಿನ ಬಿಳಿ ಬಹಳ ಸಡಿಲ. ಕೆಂಪು ಗಟ್ಟಿಯಾಗಿ ಕೂತಿತ್ತು, ಬಿಳಿ ಮಾತ್ರ ಸುಮ್ಮನೆ ಮೇಲೆ ಅಂಟಿಕೊಂಡಿತ್ತು. ಒದ್ದೆ ಹತ್ತಿ ತಾಗಿದರೆ ಸಾಕು, ಹತ್ತಿಗೆ ಬಂದುಬಿಡುತ್ತಿತ್ತು.

ಇದನ್ನು ಮೊದಲ ದಿನವೇ ನಾನು ಕಂಡುಕೊಳ್ಳಬೇಕಿತ್ತು. ಯಾವ ಬೋಕಿಯನ್ನಾದರೂ ನೀರಿಗೆ ಹಾಕುವ ಮುಂಚೆ ಒಂದು ಮೂಲೆಯಲ್ಲಿ ಒಂದೇ ಒಂದು ತೊಟ್ಟು ನೀರು ಬಿಟ್ಟು, ಬಣ್ಣ ನಿಲ್ಲುತ್ತದೋ ಇಲ್ಲವೋ ನೋಡಬೇಕು. ಈ ಕಸುಬಿನಲ್ಲಿ ಅಕ್ಷರಾಭ್ಯಾಸದ ಪಾಠ ಅದು. ಮಳೆ ಶುರುವಾಗುವುದರೊಳಗೆ ಬುಟ್ಟಿಗಳು ಖಾಲಿಯಾಗಬೇಕೆಂಬ ಅವಸರದಲ್ಲಿ ನಾನು ಆ ತೊಟ್ಟು ನೀರನ್ನು ಬಿಡಲಿಲ್ಲ. ತೊಳೆಯಿರಿ ಎಂದೆ, ತೊಳೆದರು.

ತೊಳೆಯುವ ಕೆಲಸಕ್ಕೆ ಲೊಕ್ಕನಹಳ್ಳಿಯಿಂದ ಒಬ್ಬಳು ಹೆಂಗಸು ಬರುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಮಾತು ಕಡಿಮೆ. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಒಮ್ಮೆ ಮೇಡಮ್ಮೋರೆ ಎಂದೂ ಇನ್ನೊಮ್ಮೆ ಅವ್ವ ಎಂದೂ ಕರೆಯುತ್ತಿದ್ದಳು. ಅವಳ ಗಂಡ ಕಾಡಂಚಿನ ಹೊಲಕ್ಕೆ ಆನೆ ನುಗ್ಗದ ಹಾಗೆ ರಾತ್ರಿಯೆಲ್ಲ ಕಾವಲಿದ್ದು ಹಗಲು ಮಲಗುತ್ತಿದ್ದ. ಅವನಿಗೆ ಮುದ್ದೆ ಮಾಡಿಟ್ಟು, ಮೊದಲ ಬಸ್ಸಿಗೆ ಬಂದು, ಹುಣಸೆ ಮರದಡಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಬೋಕಿಯನ್ನು ಮಗುವಿನ ಮುಖ ತೊಳೆಯುವಂತೆ ತೊಳೆಯುತ್ತಿದ್ದಳು. ಅವಳು ಒರಟು ಕೈಯವಳಾಗಿದ್ದರೆ ನನಗೆ ಬೈಯಲು ಒಂದು ನೆಪವಾದರೂ ಇರುತ್ತಿತ್ತು.

ನೆಪವಿಲ್ಲದೆಯೇ ಬೈದೆ. ಒಂದು ಬೆಳಿಗ್ಗೆ ಮರದಡಿ ಹೋದಾಗ ಅವಳ ಬೋಗುಣಿಯ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಿತ್ತು. ಪಕ್ಕದ ಬುಟ್ಟಿಯಲ್ಲಿ ಒದ್ದೆ ಬೋಕಿಗಳು, ಮೈಯೆಲ್ಲ ಕೆಂಪು, ಒಂದು ಗೆರೆಯೂ ಇಲ್ಲ.

"ಗೆರೆ ಇತ್ತೇನಕ್ಕ ಇದರ ಮೇಲೆ?"

"ಇತ್ತು ಕಣ್ರವ್ವ. ನೀರ್ಗಾಕ್ದೇಟ್ಗೆ ಬೆಳ್ಳಗೆ ಎದ್ ಕಾಣ್ತು. ಆಮ್ಯಾಕೆ ಅಂಗೇ ಕರ್ಗೋಯ್ತು."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದಿದ್ದನ್ನು ಒಂದು ಗಳಿಗೆಯಲ್ಲಿ ಹಾಳು ಮಾಡಿದೆ, ಕಣ್ಣು ಕಾಣುವುದಿಲ್ಲವೇ, ಕಂಡ ಮೇಲೆ ಕೈ ನಿಲ್ಲಿಸಬಾರದಿತ್ತೇ, ಇದು ನಿನ್ನ ಅನ್ನದ ಮಡಕೆಯೇ ಎಂದೆಲ್ಲ ಕೂಗಾಡಿದೆ. ಬುಟ್ಟಿ ಹೊರುವವರು ನಿಂತು ನೋಡಿದರು. ಅವಳು ಆ ನೀರನ್ನು ಚೆಲ್ಲದೆ ಅದರ ಮುಂದೆ ತಲೆ ತಗ್ಗಿಸಿ ಕೂತೇ ಇದ್ದಳು. ತೊಳೆ ಎಂದವಳು ನಾನೇ ಎಂಬುದು ಕೂಗುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ದನಿ ಇನ್ನಷ್ಟು ಏರಿತು ಎಂದು ಈಗ ಅನ್ನಿಸುತ್ತದೆ. ಅಂದಿನಿಂದ ಗೆರೆಯಿರುವ ಬೋಕಿಗೆ ನೀರು ಮುಟ್ಟಿಸುವಂತಿಲ್ಲ, ಒಣ ಬ್ರಷ್ಷಿನಿಂದ ಮಣ್ಣು ಉಜ್ಜಿದರೆ ಸಾಕು ಎಂದು ಹೇಳಿ ಒಳಗೆ ಬಂದೆ.

ಮೂರು ದಿನದ ಮೇಲೆ ಒಣಗಿಸುವ ತಟ್ಟೆಗಳಲ್ಲಿ ಏಳು ಬೋಕಿ ಬಂದವು. ಏಳರ ಮೇಲೂ ಬಿಳಿ ಗೆರೆ, ಅಚ್ಚುಕಟ್ಟಾಗಿ, ಎಲ್ಲೂ ಹರಿಯದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಣ ಬ್ರಷ್ಷಿನ ಉಪಾಯ ಫಲಿಸಿತು ಎಂದುಕೊಂಡೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಗೋದಾಮಿನಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದು ಕೈ ಲೆನ್ಸು ಮಾತ್ರ. ಅದನ್ನು ಹಿಡಿದು ನೋಡಿದೆನೋ, ನೋಡಿದ ಹಾಗೆ ಮಾಡಿದೆನೋ. ಬಿಳಿ ಗೆರೆಯ ಮೇಲೆ ಹಳೆಯ ಮಣ್ಣು ಒಂದು ಕಣವೂ ಅಂಟಿರದಿದ್ದುದು ನನ್ನನ್ನು ತಡೆದು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಗೆರೆ ಉದುರದಿರಲೆಂದು ಆ ದಿನವೇ ಏಳಕ್ಕೂ ತೆಳ್ಳನೆಯ ಅಂಟು ಕುಡಿಸಿದೆ. ಸಣ್ಣ ಕುಂಚದಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರೆ ಅದು ಬಣ್ಣದೊಳಕ್ಕೆ ಇಳಿದು ಬಣ್ಣವನ್ನೂ ಮಡಕೆಯನ್ನೂ ಒಂದು ಮಾಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಸುಲಭವಲ್ಲ.

ಏಳರಲ್ಲಿ ಕೊನೆಯದು ನನ್ನ ಮನಸ್ಸನ್ನು ಕದ್ದಿತು. ಅಂಗೈಯಷ್ಟು ಅಗಲದ ಬೋಕಿ, ಮಡಕೆಯ ಹೆಗಲಿನ ಭಾಗ. ಅದರ ಮೇಲೆ ಒಂದೇ ಗೆರೆ, ಎಲ್ಲೂ ಕೈ ಎತ್ತದೆ, ಬಳ್ಳಿಯಂತೆ ಮೇಲೆ ಕೆಳಗೆ ಹೊರಳಿಕೊಂಡು ಹೋಗಿ ಕೊನೆಯಲ್ಲಿ ಸಣ್ಣಗೆ ಮೇಲಕ್ಕೆದ್ದು ನಿಂತಿತ್ತು. ಗೆರೆಯ ಉದ್ದಕ್ಕೂ ನಡುವೆ ಕೂದಲೆಳೆಯಷ್ಟು ಸೀಳು ಕಾಣುತ್ತಿತ್ತು. ತುದಿ ಸೀಳಿದ ಕುಂಚದಲ್ಲಿ ಬರೆದದ್ದು, ಬಹಳ ನುರಿತ ಕೈ, ಅಳುಕೇ ಇಲ್ಲ ಎಂದು ಪ್ರತಿ ಬೋಕಿಗೂ ಒಂದರಂತೆ ಇಡುವ ಕಾರ್ಡಿನಲ್ಲಿ ಬರೆದೆ. ಅಗೆತದ ಮುಖ್ಯಸ್ಥರು ಬಂದು ನೋಡಿದರು. ಅವರು ಹೆಚ್ಚು ಮಾತಿನವರಲ್ಲ, ಆದರೂ ಬೋಕಿಯನ್ನು ಕೆಳಗಿಡಲು ಅವರಿಗೆ ಮನಸ್ಸಾಗಲಿಲ್ಲ. ಇಂಥ ಬಳ್ಳಿಗೆರೆ ಬೇರೆಲ್ಲೂ ನೋಡಿಲ್ಲ ಎಂದರು. ಕೊಳ್ಳೇಗಾಲದಲ್ಲಿ ಏರ್ಪಾಡಾಗಿದ್ದ ಪ್ರದರ್ಶನದಲ್ಲಿ ಇದನ್ನೇ ಎಲ್ಲಕ್ಕಿಂತ ಮುಂದೆ ಇಡೋಣ ಎಂದು ಫೋಟೊ ತೆಗೆಸಿ ಮೇಲಿನವರಿಗೂ ಕಳಿಸಿದರು.

ಅಕ್ಕನಿಗೆ ಬೈದದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕ್ಷಮೆ ಕೇಳುವ ಅಭ್ಯಾಸ ನನಗೆ ಇರಲಿಲ್ಲ, ಹಾಗಾಗಿ ಸುತ್ತುಬಳಸಿನ ದಾರಿ ಹಿಡಿದೆ. ಒಂದು ಮಧ್ಯಾಹ್ನ ಅವಳನ್ನು ಒಳಗೆ ಕರೆದು ಏಳನೆಯ ಬೋಕಿಯನ್ನು ತೋರಿಸಿದೆ. "ನೋಡಕ್ಕ, ನೀನು ಹುಷಾರಾಗಿ ಉಜ್ಜಿದ್ದಕ್ಕೆ ಇದು ಉಳೀತು. ಎಂಥಾ ಕೈ ಅಂತೀನಿ! ಎರಡು ಸಾವಿರ ವರ್ಷದ ಕೆಳಗೆ ಯಾವ ಹೆಣ್ಣುಮಗಳು ಕೂತು ಬರೆದಳೋ, ಒಂದು ಕಡೆ ನಡುಗಿಲ್ಲ ನೋಡು."

ಅವಳ ಮುಖ ಅರಳಿತು. ಅಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದ ನಾನೇ ಬರ್ದದ್ದು ಕಣ್ರವ್ವ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ತೊಳೆದು ಗೆರೆ ಹೋದದ್ದು ಆರು. ನಾನು ಅಷ್ಟೊಂದು ಕೂಗಾಡಿದ ಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಬಾಗಿಲ ಮುಂದಿನ ರಂಗೋಲಿಯ ಎಳೆ ಯಾರೋ ತುಳಿದು ಹರಿದರೆ ಹಾಗೇ ಬಿಡುತ್ತಾರೆಯೇ, ಮತ್ತೆ ಎಳೆಯುತ್ತಾರೆ. ಇದನ್ನೂ ತನ್ನ ಕೈಯಲ್ಲಿ ಹೋದದ್ದು ತನ್ನ ಕೈಯಲ್ಲೇ ಆಗಲಿ ಎಂದು, ತಮ್ಮೂರ ಹಳ್ಳದ ದಂಡೆಯ ಬಿಳಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿ ತಂದಳು. ಅವರ ಮನೆಯ ಗೋಡೆಗೆ ಕೆಮ್ಮಣ್ಣಿನ ಕಾರಣೆ ಬಳಿದು ಮೇಲೆ ಗೆರೆ ಎಳೆಯುವುದು ಅದೇ ಮಣ್ಣಿನಲ್ಲಿ. ಎಲ್ಲರೂ ಊಟಕ್ಕೆ ಹೋದಾಗ ತೆಂಗಿನ ಗರಿಯ ಕಡ್ಡಿಯ ತುದಿ ಜಜ್ಜಿಕೊಂಡು, ನೀರಿನಲ್ಲಿ ಕಂಡ ಗೆರೆಗಳನ್ನು ಗ್ಯಾನ ಮಾಡಿಕೊಂಡು ಆರರ ಮೇಲೂ ಬರೆದಳು.

"ಮತ್ತೆ ಇದು?"

"ಇದ್ರಲ್ಲಿ ಏನೂ ಇರ್ನಿಲ್ಲ. ಆರು ಬರ್ದು ಸಾಲಾಗ್ ಮಡುಗ್ದಾಗ ಪಕ್ದಲ್ಲಿ ಇದೊಂದು ಬರಿ ಮೈಲಿ ಕೂತಿತ್ತು. ಪಾಪ ಅನ್ನುಸ್ತು. ಅದ್ಕೇ ನಂಗೆ ತೋಚ್ದಂಗೆ ಒಂದೆಳೆ ಎಳ್ದೆ."

ನಾನೇ ಕುಡಿಸಿದ ಅಂಟು, ನಾನೇ ಬರೆದ ಕಾರ್ಡು, ಮೇಲಿನವರಿಗೆ ಹೋದ ಫೋಟೊ, ಎಲ್ಲ ಕಣ್ಣ ಮುಂದೆ ಬಂತು. ಭಯವಾದಾಗಲೂ ನನಗೆ ಬರುವುದು ಕೋಪವೇ. ಮೋಸಗಾತಿ ಎಂದುಬಿಟ್ಟೆ. ಅವಳ ನಗು ಅಲ್ಲೇ ನಿಂತುಹೋಯಿತು. ಸೀರೆಗೆ ಕೈ ಒರೆಸಿಕೊಂಡಳು, ಬುತ್ತಿಯ ಡಬ್ಬಿ ತೆಗೆದುಕೊಂಡಳು, ರಸ್ತೆಗೆ ಹೋಗಿ ನಿಂತಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮುಖ್ಯಸ್ಥರಿಗೆ ಹೇಳದೆ ಇರಬಹುದಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇದನ್ನು ನಾನು ಒಂದು ಹಗಲು ಪೂರ್ತಿ ಯೋಚಿಸಿದೆ. ಕೊನೆಗೆ ಹೇಳಿದೆ. ಅವರು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡುವವರಂತೆ, "ನೀವು ಬೈದಿದ್ದೀರಿ, ಹೆದರಿದ್ದಾಳೆ. ಆಮೇಲೆ ಹೊಗಳಿದಿರಿ, ಹೊಗಳಿಕೆ ಸಿಗುತ್ತದೆ ಅಂತ ತನ್ನದು ಅಂದಿದ್ದಾಳೆ" ಎಂದರು. ನೀರಿನಲ್ಲಿ ಒಂದು ಗಳಿಗೆ ಕಂಡ ಗೆರೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ಏಳನೆಯದರ ಕೈಯಂತೂ ಕೂಲಿ ಹೆಂಗಸಿನದಲ್ಲ ಎಂದರು. ಗೆರೆಯ ಮಣ್ಣನ್ನು ಪರೀಕ್ಷೆಗೆ ಕಳಿಸೋಣವೆಂದೆ. ಕಳಿಸಿ ಏನು ಫಲವೆಂದು ಅವರೇ ಕೇಳಿದರು, ನನಗೂ ಅದು ಹೊಳೆದಿತ್ತು. ಹಿಂದಿನವರು ಮಣ್ಣು ತೆಗೆದದ್ದೂ ಅದೇ ಹಳ್ಳದ ದಂಡೆಯಿಂದ ಇದ್ದೀತು. ಎರಡೂ ಒಂದೇ ಬಿಳಿ. ಮೇಲೆ ನನ್ನ ಅಂಟು ಬೇರೆ.

ಹಾಗಾಗಿ ಉಳಿದದ್ದು ಅವಳ ಮಾತೊಂದೇ. ಅವಳು ಹೇಳಿದ್ದು ನಿಜವಾದರೆ ಆರು ಬೋಕಿಯ ಹಳೆಯ ಗೆರೆ ಈಗ ಇದ್ದದ್ದು ಅವಳ ನೆನಪಿನಲ್ಲಿ, ಏಳನೆಯದು ಹಳೆಯದೇ ಅಲ್ಲ. ಅವಳ ಮಾತನ್ನು ಸುಳ್ಳು ಎಂದು ತಳ್ಳಿದರೆ ನಾವು ಬರೆದಿಡುವ ಪುಸ್ತಕವೇ ಸುಳ್ಳಾಗುತ್ತಿತ್ತು. ಅಷ್ಟರಲ್ಲಿ ಗೋದಾಮಿನ ಸುತ್ತ ಅವಳಿಗೆ ಸುಳ್ಳಿ ಎಂಬ ಹೆಸರು ಬಿದ್ದಾಗಿತ್ತು. ಬುಟ್ಟಿ ಹೊರುವವರು ಒಬ್ಬರನ್ನೊಬ್ಬರು, "ಇದ ನಾನೇ ಬರ್ದೆ ಕಣ್ಲಾ" ಎಂದು ಅವಳ ಮಾತನ್ನೇ ಆಡಿ ನಗುತ್ತಿದ್ದರು. ಆ ನಗು ಅವಳ ಊರಿನವರೆಗೂ ಹೋಗಿತ್ತು.

ಭಾನುವಾರ ನಾನು ಲೊಕ್ಕನಹಳ್ಳಿಯ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ದಿಣ್ಣೆಗೆ ಹೋಗುವವಳ ಮನೆ ಎಂದರೆ ಸಾಕಾಗಿತ್ತು. ಗಂಡ ಒಳಗೆ ಮಲಗಿದ್ದ. ಅವಳು ಜಗಲಿಯಲ್ಲಿ ಮೊರದ ತುಂಬ ಅವರೆಕಾಳು ಇಟ್ಟುಕೊಂಡು ಹುಳುಕು ಆರಿಸುತ್ತಿದ್ದಳು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಇತ್ತು, ಅದರ ಮೇಲೆ ಬಿಳಿ ಪಟ್ಟೆ. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಅದು ಬಟ್ಟೆಯಲ್ಲಿ ಅದ್ದಿ ಎಳೆದದ್ದು, ಹೆಬ್ಬೆರಳಿನಷ್ಟು ದಪ್ಪ. ಅದನ್ನು ನೋಡಿ ಬೋಕಿಯ ಗೆರೆ ಇದೇ ಕೈಯದು ಎಂದು ಹೇಳುವ ಹಾಗಿರಲಿಲ್ಲ.

ಅವಳು ಮಣೆ ಕೊಟ್ಟಳು, ನೀರು ಕೊಟ್ಟಳು. ಮತ್ತೆ ಕಾಳು ಆರಿಸತೊಡಗಿದಳು.

"ಬೈದೆ ಅಂತ ಬರಲಿಲ್ವಾ ಅಕ್ಕ?"

"ಬೈಸ್ಕಳದು ಇದ್ದುದ್ದೇಯ. ಕೂಲಿಗ್ ಓದ್ಮೇಲೆ ಬೈಸ್ಕಳ್ದೆ ಇರಕಾಯ್ತದಾ?" ಎಂದಳು. ಒಂದು ಹುಳುಕು ಕಾಳನ್ನು ಅಂಗಳಕ್ಕೆ ಎಸೆದು, "ಮೋಸ್ಗಾತಿ ಅಂದ್ಬುಟ್ರಲ್ಲ. ಮೋಸ ಮಾಡೋಳು ನಾನೇ ಬರ್ದೆ ಅಂತ ಬಾಯ್ಬುಟ್ಟು ಏಳಾಳಾ?" ಎಂದಳು.

ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬಹುದಿತ್ತು, ಆದರೆ ಕೇಳಿಕೊಂಡಿರಲಿಲ್ಲ. ತಪ್ಪಾಯಿತು ಅಕ್ಕ ಎಂದೆ. ಆ ಎರಡು ಮಾತು ಹೊರಬರಲು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಿದರೆ ನಾಚಿಕೆಯಾಗುತ್ತದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾಹೇಬರು ನಂಬುತ್ತಿಲ್ಲ, ನೀನು ಬಂದು ಅವರ ಮುಂದೆ ಒಂದು ಸಲ ಬರೆದು ತೋರಿಸಬೇಕು, ಯಾವುದು ಕಂಡದ್ದು, ಯಾವುದು ನಿನ್ನದು ಎಂದು ಒಂದೊಂದೇ ಹೇಳಬೇಕು ಎಂದೆ. ಅವಳು ಕಾಳನ್ನೆಲ್ಲ ಆರಿಸಿ ಮುಗಿಸಿದಳು.

"ಬತ್ತೀನಿ" ಎಂದಳು ಕೊನೆಗೆ. "ಆದ್ರೆ ನಾನ್ ಸುಳ್ಳಿ ಅಲ್ಲ ಅಂತ ಅವುರ್ ಬಾಯಲ್ಲೇ ಬರ್ಬೇಕು. ಆ ಬುಟ್ಟಿ ಓರೋರ್ ಮುಂದೇನೇ ಬರ್ಬೇಕು. ಇಲ್ದೋದ್ರೆ ನಾನ್ ಈ ಊರಲ್ಲಿ ಎಂಗ್ ತಿರ್ಗಾಡ್ಲಿ?"

ಸೋಮವಾರ ಮುಖ್ಯಸ್ಥರು ಗೋದಾಮಿನಲ್ಲಿದ್ದರು, ಜೊತೆಗೆ ಕೌದಳ್ಳಿಯಿಂದ ಬರುತ್ತಿದ್ದ ನಮ್ಮ ಫೋಟೊಗ್ರಾಫರು. ಬಾಗಿಲಲ್ಲಿ ಬುಟ್ಟಿ ಹೊರುವ ನಾಲ್ಕೈದು ಜನ ಕುತೂಹಲಕ್ಕೆ ನಿಂತಿದ್ದರು. ಅಕ್ಕ ಬಿಳಿ ಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿಕೊಂಡು, ಕಡ್ಡಿಯ ತುದಿಯನ್ನು ಕಲ್ಲಿನಲ್ಲಿ ಜಜ್ಜಿಕೊಂಡು ಕೂತಳು. ಹನೂರು ಸಂತೆಯಲ್ಲಿ ತಂದ ಹೊಸ ಮಡಕೆಯೊಂದನ್ನು ಒಡೆದು, ಕೆಮ್ಮಣ್ಣು ಬಳಿದು ಒಣಗಿಸಿದ್ದ ಚೂರನ್ನು ಅವಳ ಮುಂದೆ ಇಟ್ಟೆ. ಏಳನೆಯ ಬೋಕಿಯನ್ನು ಬಟ್ಟೆ ಮುಚ್ಚಿ ಬೇರೆ ಮೇಜಿನ ಮೇಲೆ ಇಟ್ಟಿದ್ದೆವು, ನೋಡಿ ಬರೆದಳೆಂದು ಯಾರೂ ಹೇಳಬಾರದಲ್ಲ.

ಅವಳು ಕಡ್ಡಿ ಅದ್ದಿ ಗೆರೆ ಶುರು ಮಾಡಿದಳು. ಎರಡು ಬೆರಳಗಲ ಹೋಗುವಷ್ಟರಲ್ಲಿ ಕೈ ನಡುಗಿತು. ಒರೆಸಿ ಮತ್ತೆ ಎಳೆದಳು, ಮತ್ತೆ ನಡುಗಿತು. ಮೂರನೆಯ ಸಲ ಬಿಳಿ ತೊಟ್ಟಿಕ್ಕಿ ಗೆರೆ ಗಂಟು ಕಟ್ಟಿಕೊಂಡಿತು. ಕಡ್ಡಿ ಹಿಡಿದ ಬೆರಳು ಬೆವತದ್ದು ನನಗೆ ಕಾಣುತ್ತಿತ್ತು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

"ಸಾಕು ಬಿಡಮ್ಮ" ಎಂದರು ಮುಖ್ಯಸ್ಥರು. ಮೆಲ್ಲನೆ, ಮರ್ಯಾದೆಯಿಂದಲೇ ಹೇಳಿದರು. ಅವರು ಜೋರು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ನನ್ನ ಕಡೆ ತಿರುಗಿ, ಗೊತ್ತಾಯಿತಲ್ಲ ಎಂಬಂತೆ ತಲೆ ಆಡಿಸಿದರು.

ಅಕ್ಕ ಕಡ್ಡಿ ಕೆಳಗಿಟ್ಟಳು. ನನ್ನನ್ನೇ ನೋಡಿದಳು. ಆ ನೋಟ ನನಗೆ ಈಗಲೂ ಹಾಗೇ ನೆನಪಿದೆ, ಕರೆದುಕೊಂಡು ಬಂದು ಇಲ್ಲಿ ಕೂರಿಸಿದವಳು ನೀನೇ ಅಲ್ಲವಾ ಎಂಬ ನೋಟ. ಅವಳ ಪಕ್ಕ ಕೂತು, "ಯಾಕಕ್ಕ, ಏನಾಯ್ತು?" ಎಂದೆ.

"ಇಷ್ಟ್ ಜನ ಕಣ್ಬುಟ್ಕಂಡು ನೋಡ್ತಾ ಇದ್ರೆ ಬರಕಿಲ್ಲ ಕಣ್ರವ್ವ" ಎಂದಳು, ಅವಳ ದನಿ ನನಗಷ್ಟೇ ಕೇಳುವಷ್ಟು. "ಬಾಗ್ಲಿಗೆ ಬರೆಯವಾಗ ಯಾರ್ ನೋಡಾರು? ಎಲ್ಲಾ ಮಲ್ಗಿರ್ತಾರೆ. ಎದ್ದಾಗ ಬರ್ದಾಗಿರ್ತದೆ. ಮದ್ವೆಯಾಗ್ ಬಂದಾಗಿಂದ ನಾನ್ ಬರೆಯದ್ನ ಒಬ್ರೂ ನೋಡಿಲ್ಲ."

ನಮ್ಮ ಅಮ್ಮನೂ ಹಾಗೇ ಬರೆಯುತ್ತಿದ್ದಳು. ಯಳಂದೂರಿನ ಮನೆಯಲ್ಲಿ ನಾನು ಕಣ್ಣು ಬಿಡುವ ಹೊತ್ತಿಗೆ ರಂಗೋಲಿ ಬಾಗಿಲಲ್ಲಿ ಇರುತ್ತಿತ್ತು. ಅವಳ ಕೈ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಎತ್ತುತ್ತಾಳೆ ಎಂದು ನನಗೆ ಗೊತ್ತಿಲ್ಲ. ಎರಡು ಸಾವಿರ ವರ್ಷ ಹಿಂದೆ ಸತ್ತವರ ಕೈಯನ್ನು ಲೆನ್ಸು ಹಿಡಿದು ನೋಡುವ ನಾನು ಅವಳ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

ಎದ್ದು ನಿಂತೆ. "ಎಲ್ಲರೂ ಆ ಕಡೆ ತಿರುಗಿ" ಎಂದೆ.

ಮುಖ್ಯಸ್ಥರು ಅರ್ಥವಾಗದೆ ನನ್ನ ಮುಖ ನೋಡಿದರು. "ನೀವೂ ಸರ್. ಗೋಡೆ ಕಡೆ." ನನ್ನ ದನಿ ಎಷ್ಟು ಜೋರಾಗಿತ್ತೋ ಏನೋ, ಅವರು ತಿರುಗಿದರು. ಫೋಟೊಗ್ರಾಫರು ಕ್ಯಾಮೆರಾ ಕೆಳಗಿಟ್ಟು ತಿರುಗಿದರು. ಬಾಗಿಲಲ್ಲಿದ್ದವರು ನಗುತ್ತಲೇ ಹುಣಸೆ ಮರದ ಕಡೆ ಮುಖ ಮಾಡಿದರು. ಕಡೆಯದಾಗಿ ನಾನು ತಿರುಗಿದೆ. ನನ್ನ ಮುಂದೆ ಅಗೆತದ ನಕ್ಷೆ ಅಂಟಿಸಿದ್ದ ಗೋಡೆ. ಕಡ್ಡಿ ಚಿಪ್ಪಿಗೆ ತಾಗುವ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತಿರುಗಿ ನೋಡಬೇಕೆನ್ನುವ ಆಸೆ ಕುತ್ತಿಗೆಯನ್ನು ಹಿಡಿದು ಎಳೆಯುತ್ತಿತ್ತು. ನೋಡುವುದೇ ನನ್ನ ಕಸುಬು, ಎಷ್ಟೋ ವರ್ಷದಿಂದ ಅದೊಂದನ್ನೇ ಮಾಡಿಕೊಂಡು ಬಂದಿದ್ದೇನೆ. ಹಲ್ಲು ಕಚ್ಚಿ ಗೋಡೆಯನ್ನೇ ನೋಡಿದೆ.

"ಆಯ್ತು" ಎಂದಳು.

ಚೂರಿನ ಮೇಲೆ ಗೆರೆ ಇನ್ನೂ ಹಸಿಯಾಗಿತ್ತು. ನಾನು ಬಟ್ಟೆ ಸರಿಸಿ ಏಳನೆಯ ಬೋಕಿಯನ್ನು ತಂದು ಪಕ್ಕದಲ್ಲಿಟ್ಟೆ. ಅದೇ ಹೊರಳು, ಅದೇ ಕೂದಲೆಳೆಯ ಸೀಳು, ಕೊನೆಯಲ್ಲಿ ಅದೇ ಸಣ್ಣಗೆ ಮೇಲಕ್ಕೆದ್ದ ತುದಿ. ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು, ಲೆನ್ಸು ಕೇಳಿದರು, ಒಂದನ್ನು ನೋಡಿ ಇನ್ನೊಂದನ್ನು ನೋಡಿದರು. ಪ್ರದರ್ಶನ, ಮೇಲಿನವರಿಗೆ ಹೋದ ಫೋಟೊ, ಎಲ್ಲ ಅವರ ತಲೆಯಲ್ಲೂ ಓಡುತ್ತಿದ್ದಿರಬೇಕು. ಒಳ್ಳೆಯ ಮನುಷ್ಯ. ಲೆನ್ಸು ಕೆಳಗಿಟ್ಟು, ಬಾಗಿಲ ಕಡೆಗೂ ಕೇಳುವ ಹಾಗೆ ಹೇಳಿದರು: "ಈಯಮ್ಮ ಹೇಳಿದ್ದು ನಿಜ. ತಪ್ಪು ತಿಳಿದವನು ನಾನು."

ಬಾಗಿಲಲ್ಲಿ ಯಾರೂ ನಗಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಕಣ್ಣೀರೋ ನಾನು ನ್ಯಾಯವಾಗಿ ಹೇಳಲಾರೆ. ನನಗಂತೂ ಅಳು ಬಂತು, ಮುಚ್ಚಿಡುವುದೇನಿದೆ.

ಮುಖ್ಯಸ್ಥರು ಅವಳ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಉಳಿದ ಆರು ಬೋಕಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು, "ಇವನ್ನ ಹೇಳಮ್ಮ" ಎಂದು ತಾವೇ ಪೆನ್ನು ಹಿಡಿದರು.

"ಇವು ನಾನ್ ಕಟ್ಟಿದ್ದಲ್ಲ ಸಾ, ಇದ್ದುದ್ನೇ ಬರ್ದದ್ದು" ಎಂದು ಅವಳು ಶುರು ಮಾಡಿದಳು. ಮೊದಲಿನ ಅಳುಕು ಇರಲಿಲ್ಲ. ಇದರಲ್ಲಿ ನಾಲ್ಕು ಅಡ್ಡಗೆರೆ, ನಾಲ್ಕೂ ಕಂಡದ್ದು. ಇದರಲ್ಲಿ ಬಲೆ, ಬಲೆಯ ಕಣ್ಣು ಇನ್ನೂ ಚಿಕ್ಕವಿದ್ದವು, ತನ್ನ ಕಡ್ಡಿ ದಪ್ಪವಾದ್ದರಿಂದ ದೊಡ್ಡವಾದವು. ಇದರಲ್ಲಿ ಎಡಗಡೆಯದು ಕಂಡದ್ದು, ಬಲಗಡೆಯದು ಕಾಣುವಷ್ಟರಲ್ಲಿ ಕರಗಿಹೋಯಿತು, ಎಡಗಡೆಯಂತೆಯೇ ಇದ್ದೀತೆಂದು ತಾನೇ ಸೇರಿಸಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರನೆಯದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದು ಗ್ಯಾಪ್ಕಕ್ಕೆ ಬತ್ತಾ ಇಲ್ಲ ಸಾ. ಬರ್ದಿವ್ನಿ, ಆದ್ರೆ ಸರಿಯಾಗ್ ಬರ್ದಿವ್ನಾ ಇಲ್ವಾ ಗೊತ್ತಿಲ್ಲ" ಎಂದಳು. ಅವರು ಅದನ್ನೂ ಹಾಗೆಯೇ ಬರೆದುಕೊಂಡರು. ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳುವವರನ್ನು ನಮ್ಮ ಕಸುಬಿನಲ್ಲಿ ನಾನು ಕಂಡದ್ದು ಕಡಿಮೆ.

ಎಲ್ಲ ಎದ್ದು ಹೋದ ಮೇಲೆ ನಾನು ಏಳು ಹೊಸ ಕಾರ್ಡು ತೆಗೆದುಕೊಂಡು ಕೂತೆ. ಅವಳು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಹೊಸಿಲ ಹತ್ತಿರ ಕೂತಿದ್ದಳು. ಏಳನೆಯದಕ್ಕೆ ಬಿಳಿ ಗೆರೆ ಈಚಿನದು, ಲೊಕ್ಕನಹಳ್ಳಿಯ ಹೆಂಗಸೊಬ್ಬಳು ಬರೆದದ್ದು, ನುರಿತ ಕೈ ಎಂದು ಬರೆದೆ. ನುರಿತ ಕೈ ಎಂಬುದನ್ನು ಹೊಡೆದುಹಾಕಲು ಕಾರಣವೇ ಇರಲಿಲ್ಲ. ಆರಕ್ಕೂ ಅವಳು ಹೇಳಿದ್ದನ್ನೆಲ್ಲ ಬರೆದು ಕೊನೆಯ ಅಂಕಣಕ್ಕೆ ಬಂದೆ. ಹಾನಿಗೆ ಕಾರಣ ಎಂಬ ಅಂಕಣ ಅದು. ಸಾಮಾನ್ಯವಾಗಿ ತೇವ, ಉಪ್ಪು, ಬೇರು ಎಂದು ಬರೆಯುತ್ತೇವೆ. ತೊಳೆತ ಎಂದು ಬರೆದರೂ ಯಾರೂ ಕೇಳುತ್ತಿರಲಿಲ್ಲ. ಕಾಗದದ ಮೇಲೆ ತೊಳೆತ ಎಂದರೆ ತೊಳೆದವಳ ತಪ್ಪು ಎಂದೇ ಓದಿಕೊಳ್ಳುತ್ತಾರೆ.

ನಾನು ಬೇರೆಯೇ ಬರೆದೆ, ಆರು ಕಾರ್ಡಿಗೂ ಒಂದೇ ಮಾತು.

"ಅದೇನ್ ಅಷ್ಟೊತ್ನಿಂದ ಬರೀತಿದ್ದೀರಿ? ನನ್ ಇಸ್ಯನಾ?" ಎಂದಳು.

"ಅಲ್ಲ, ನನ್ನದು" ಎಂದು ಓದಿ ಹೇಳಿದೆ: "ಬಣ್ಣ ನೀರಿಗೆ ನಿಲ್ಲುತ್ತದೋ ಇಲ್ಲವೋ ಎಂದು ನೋಡದೆ ತೊಳೆಯಲು ಹೇಳಿದವಳು ಈ ಕಾರ್ಡು ಬರೆದವಳೇ."

ಅವಳಿಗೆ ಗಾಬರಿಯಾಯಿತು. ಎದ್ದು ಮೇಜಿನ ಹತ್ತಿರ ಬಂದಳು. "ಅಯ್ಯೋ, ಅಂಗೆಲ್ಲ ಬರೀಬ್ಯಾಡಿ ಕಣ್ರವ್ವ. ಅಳ್ಸಾಕ್ಬುಡಿ ಅದ. ದೊಡ್ಡೋರು ಯಾರಾರ ಓದುದ್ರೆ ನಿಮ್ಮುನ್ನ ಬೈತಾರೆ."

"ಬೈಯಲಿ" ಎಂದೆ.